ನುಡಿಯ ಋಣ

ಪರಮಾನಂದವು ಮಾತಿಗೆ ನಿಲುಕದೆಂಬುದನ್ನು ತಿಳಿಸಬೇಕಾದಾಗ ಪ್ರಾಚೀನರು ಒಂದು ಉಪಮಾನವನ್ನು ಮತ್ತೆ ಮತ್ತೆ ಬಳಸಿದ್ದಾರೆ: ಮೂಗನು ಬೆಲ್ಲ ತಿಂದಂತೆ. ನಾರದರ ಭಕ್ತಿಸೂತ್ರದಲ್ಲಿ ಪ್ರೇಮದ ಸ್ವರೂಪವನ್ನು ಮೂಕನ ಆಸ್ವಾದನೆಗೆ ಹೋಲಿಸಿದೆ. ಕನ್ನಡದ ಆಡುಮಾತಿನಲ್ಲಿಯೂ ಈ ಹೋಲಿಕೆ ನೆಲೆಯೂರಿದೆ. ಉಪಮಾನವೇನೋ ಸೊಗಸಾದುದೇ. ಆದರೆ ಇದನ್ನು ಬಳಸಿದವರಲ್ಲಿ ಯಾರೊಬ್ಬರೂ ಆ ಮೂಗನನ್ನೇ ಕೇಳಿ ನೋಡಿದಂತೆ ತೋರುವುದಿಲ್ಲ. ಸವಿಯನ್ನು ಅವನು ಹೇಳಲಾರನೋ, ಅಥವಾ ಅವನು ಹೇಳಿದುದನ್ನು ಎದುರಿಗಿದ್ದವರು ತಿಳಿಯಲಾರರೋ? ಕಣ್ಣರಳಿಸಿ, ಬೆರಳನ್ನು ತುಟಿಗೆ ತಂದು, ಇನ್ನೊಂದು ಅಚ್ಚು ಬೇಕೆಂದು ಕೈಯೊಡ್ಡಿದ ಹುಡುಗನು ಬೆಲ್ಲದ ವಿಷಯವಾಗಿ ಹೇಳಬೇಕಾದುದನ್ನೆಲ್ಲ ಹೇಳಿಯೇ ಇದ್ದಾನೆ. ಉಪಮಾನವು ನಿಂತಿರುವುದು ಅವನ ಅಸಾಮರ್ಥ್ಯದ ಮೇಲಲ್ಲ, ನೋಡುವವರ ಅಲಕ್ಷ್ಯದ ಮೇಲೆ.

ಇಷ್ಟಕ್ಕೂ ಮೂಗರೆನ್ನಿಸಿಕೊಂಡವರಲ್ಲಿ ಬಹುಮಂದಿಯ ನಾಲಗೆಗೂ ಗಂಟಲಿಗೂ ಯಾವ ಕುಂದೂ ಇರುವುದಿಲ್ಲ. ಅವರು ಕೇಳಲಿಲ್ಲ, ಆದುದರಿಂದ ಆಡಲಿಲ್ಲ; ವಿಷಯವು ಇಷ್ಟೇ. ಕಿವುಡು ದೇಹದ ಸ್ಥಿತಿ. ಮೂಕತನವು ಸುತ್ತಲಿನವರು ಆ ಸ್ಥಿತಿಗೆ ಕೊಟ್ಟ ಉತ್ತರದಿಂದ ಉಂಟಾಗುವ ಫಲ. ಈ ಎರಡನ್ನೂ ಒಂದೇ ಉಸಿರಿನಲ್ಲಿ ‘ಕಿವುಡ ಮೂಗ’ ಎಂದು ಹೇಳುವ ವಾಡಿಕೆಯಿಂದಾಗಿ ಮೊದಲನೆಯದಕ್ಕೆ ಹೊಣೆಯಾದ ವಿಧಿಯೇ ಎರಡನೆಯದಕ್ಕೂ ಹೊಣೆಯೆಂಬ ಭಾವನೆ ಬೇರೂರಿತು. ಕೇಳದ ಮಗುವಿಗೂ ಕೇಳುವ ಲೋಕಕ್ಕೂ ನಡುವೆ ಒಂದು ಹೊಳೆ ಹರಿಯುತ್ತಿರುವುದಾದರೆ, ಅದನ್ನು ದಾಟತಕ್ಕವರು ಯಾರು? ಮಗುವೇ ಈಜಿ ಬರಬೇಕೋ, ದಡದಲ್ಲಿರುವವರು ದೋಣಿ ಹಾಯಿಸಬೇಕೋ? ಶಾಲೆ, ವೈದ್ಯ, ಕಾನೂನುಗಳ ಚರ್ಚೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

ಮನುಷ್ಯನು ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತು ಬರುತ್ತಾನೆಂದು ಶಾಸ್ತ್ರಗಳು ಹೇಳುತ್ತವೆ. ಇವೆಲ್ಲವೂ ಹುಟ್ಟಿದವನು ತೀರಿಸಬೇಕಾದ ಋಣಗಳು. ಹುಟ್ಟಿದವನಿಗೆ ಹಿರಿಯರು ಸಲ್ಲಿಸಬೇಕಾದುದರ ಲೆಕ್ಕದಲ್ಲಿ ಅನ್ನವೂ ಬಟ್ಟೆಯೂ ಸಂಸ್ಕಾರವೂ ವಿದ್ಯೆಯೂ ಸೇರುತ್ತವೆ. ನುಡಿಯು ಮಾತ್ರ ಸೇರುವುದಿಲ್ಲ. ಕಾರಣವು ಸ್ಪಷ್ಟವೇ ಆಗಿದೆ. ಆ ಋಣವನ್ನು ಹಿರಿಯರು ತಮಗೆ ತಿಳಿಯದಂತೆಯೇ ತೀರಿಸಿಬಿಡುತ್ತಾರೆ. ತಾಯಿ ಅಡಿಗೆಮನೆಯಲ್ಲಿ ನೆರೆಯವಳೊಡನೆ ಸಾರಿನ ಪುಡಿಯ ವಿಷಯ ಮಾತನಾಡುತ್ತಾಳೆ, ತಂದೆ ಜಗಲಿಯಲ್ಲಿ ಕಂದಾಯದ ವಿಷಯ ಜಗಳವಾಡುತ್ತಾನೆ, ಅಜ್ಜಿ ಜಪದ ನಡುವೆ ಬೆಕ್ಕನ್ನು ಗದರುತ್ತಾಳೆ; ತೊಟ್ಟಿಲಲ್ಲಿ ಮಲಗಿರುವ ಕೂಸು ಯಾರೂ ಕೊಡದೆಯೇ ಎಲ್ಲವನ್ನೂ ತೆಗೆದುಕೊಳ್ಳುತ್ತದೆ. ಗರ್ಭದ ಕಡೆಯ ತಿಂಗಳುಗಳಲ್ಲಿಯೇ ಶಿಶುವಿಗೆ ಶಬ್ದ ಕೇಳಿಸುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯ ದನಿಯನ್ನು ಪರರ ದನಿಯಿಂದ ಬೇರೆಯಾಗಿ ಅದು ಗುರುತಿಸುತ್ತದೆ. ತನ್ನನ್ನು ಉದ್ದೇಶಿಸಿ ಆಡಿದ ಮಾತಿಗಿಂತ ತನ್ನನ್ನು ಉದ್ದೇಶಿಸದೆ ಆಡಿದ ಮಾತಿನಿಂದಲೇ ಮಗು ಲೋಕವನ್ನು ಹೆಚ್ಚಾಗಿ ಕಲಿಯುತ್ತದೆಯೆಂದರೂ ತಪ್ಪಾಗಲಾರದು. ಕೇಳದ ಮಗುವಿನ ಪಾಲಿಗೆ ಈ ಧಾರೆಯು ಪೂರ್ತಿಯಾಗಿ ನಿಂತುಹೋಗಿರುತ್ತದೆ. ಇತರ ಮಕ್ಕಳಿಗೆ ಪುಕ್ಕಟೆಯಾಗಿ ಸಂದುದನ್ನು ಇದಕ್ಕೆ ತಿಳಿದು, ಎಣಿಸಿ, ಶ್ರಮಪಟ್ಟು ಸಲ್ಲಿಸಬೇಕು. ಋಣವು ಹೊಸದಲ್ಲ, ತೀರಿಸುವ ದಾರಿ ಮಾತ್ರ ಬೇರೆ.

ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಇಂಥ ಮನೆಗಳು ಯಾವ ಜಿಲ್ಲೆಯಲ್ಲಿಯೂ ಉಂಟು. ತಂದೆ ತಾಲ್ಲೂಕು ಕಚೇರಿಯ ಗುಮಾಸ್ತ. ಎರಡು ವರ್ಷದ ಗಂಡುಕೂಸು ಚೆನ್ನಾಗಿ ಆಡುತ್ತದೆ, ನಗುತ್ತದೆ, ಆದರೆ ಮಾತಿಲ್ಲ. ಅಜ್ಜಿಯ ಸಮಾಧಾನ ಸಿದ್ಧವಾಗಿಯೇ ಇದೆ: “ಇವನ ಅಪ್ಪನೂ ಮೂರು ವರ್ಷದವರೆಗೆ ಬಾಯಿ ಬಿಡಲಿಲ್ಲ, ಈಗ ನೋಡು.” ಬಾಗಿಲು ಬಡಿದರೆ ಹುಡುಗ ತಿರುಗಿ ನೋಡುತ್ತಾನಲ್ಲ ಎಂದು ತಾಯಿಗೂ ಧೈರ್ಯ. ಅವನು ತಿರುಗುವುದು ಶಬ್ದಕ್ಕಲ್ಲ, ನೆಲದ ಅದುರಿಗೆ ಅಥವಾ ಬೆಳಕಿನ ಬದಲಾವಣೆಗೆ ಎಂಬುದು ಅವಳಿಗೆ ಹೊಳೆಯುವುದಿಲ್ಲ. ಹರಕೆ ಹೊರುತ್ತಾರೆ, ನಾಲಗೆಗೆ ಬಜೆ ತೇಯ್ದು ಹಚ್ಚುತ್ತಾರೆ, ಮೂರು ವರ್ಷ ತುಂಬುತ್ತದೆ. ಯಾರದೂ ದುರುದ್ದೇಶವಿಲ್ಲ, ಎಲ್ಲರಿಗೂ ಅಕ್ಕರೆಯೇ. ಆದರೂ ಆ ಮೂರು ವರ್ಷಗಳಲ್ಲಿ ಕಳೆದುದು ಮುಂದಿನ ಮೂವತ್ತು ವರ್ಷಗಳಲ್ಲಿ ಸುಲಭವಾಗಿ ದೊರೆಯತಕ್ಕುದಲ್ಲ.

ಈ ಕಾಲಹರಣಕ್ಕೆ ಇಂದು ಕ್ಷಮೆಯಿಲ್ಲವೆನ್ನಬೇಕಾಗಿದೆ. ಆರೋಗ್ಯವಾದ ಒಳಕಿವಿಯು ಶಬ್ದವನ್ನು ಕೇಳುವುದಷ್ಟೇ ಅಲ್ಲ, ಕೇಳಿದಾಗ ತಾನೂ ಒಂದು ಅತಿಸೂಕ್ಷ್ಮವಾದ ಪ್ರತಿಧ್ವನಿಯನ್ನು ಹೊರಡಿಸುತ್ತದೆ. ೧೯೭೮ರಲ್ಲಿ ಡೇವಿಡ್ ಕೆಂಪ್ ಎಂಬ ಆಂಗ್ಲ ವಿಜ್ಞಾನಿ ಇದನ್ನು ಪ್ರಕಟಪಡಿಸಿದನು. ಈ ಪ್ರತಿಧ್ವನಿಯನ್ನು ಗುರುತಿಸುವ ಸಣ್ಣ ಯಂತ್ರದಿಂದ ಮಲಗಿರುವ ಹಸುಗೂಸನ್ನು ಎಬ್ಬಿಸದೆಯೇ ಕೆಲವು ನಿಮಿಷಗಳಲ್ಲಿ ಪರೀಕ್ಷಿಸಬಹುದು. ಮೊದಲ ತಿಂಗಳಲ್ಲಿ ಪರೀಕ್ಷೆ, ಮೂರನೆಯ ತಿಂಗಳೊಳಗೆ ನಿಶ್ಚಯ, ಆರನೆಯ ತಿಂಗಳೊಳಗೆ ಉಪಚಾರ ಮತ್ತು ಶಿಕ್ಷಣದ ಆರಂಭ, ಹೀಗೆಂದು ತಜ್ಞರು ಕಾಲಮಿತಿಯನ್ನು ಗೊತ್ತುಮಾಡಿದ್ದಾರೆ. ಆರು ತಿಂಗಳೊಳಗೆ ಗುರುತಿಸಲ್ಪಟ್ಟ ಮಕ್ಕಳ ಭಾಷೆಯು ಆಮೇಲೆ ಗುರುತಿಸಲ್ಪಟ್ಟವರದಕ್ಕಿಂತ ಬಹಳ ಮುಂದಿರುವುದು ಅಮೆರಿಕದ ಕೊಲರಾಡೊ ಪ್ರಾಂತದಲ್ಲಿ ನಡೆದು ೧೯೯೮ರಲ್ಲಿ ಪ್ರಕಟವಾದ ಅಧ್ಯಯನದಿಂದ ಸಿದ್ಧಪಟ್ಟಿದೆ. ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ವಿದ್ಯೆಯ ದೊಡ್ಡ ಕೇಂದ್ರವಾಗಿ ಬೆಳೆದಿದೆ. ಬಾಲ್ಯದ ಶ್ರವಣದೋಷದಲ್ಲಿ ಸುಮಾರು ನೂರಕ್ಕೆ ಅರುವತ್ತರಷ್ಟು ತಡೆಯಬಹುದಾದುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಗರ್ಭಿಣಿಗೆ ತಗಲುವ ರುಬೆಲ್ಲಾ, ಮಿದುಳುಪೊರೆಯ ಜ್ವರ, ಹುಟ್ಟಿದೊಡನೆ ಬರುವ ತೀವ್ರ ಕಾಮಾಲೆ, ವರ್ಷಗಟ್ಟಲೆ ಸೋರುವ ಕಿವಿ, ಇವು ಕೆಲವು ಕಾರಣಗಳು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ದಕ್ಷಿಣದೇಶದ ಪದ್ಧತಿಯೂ ವಂಶದಲ್ಲಿ ಅಡಗಿರುವ ದೋಷವು ಹೊರಬೀಳುವ ಸಂಭವವನ್ನು ಹೆಚ್ಚಿಸುತ್ತದೆ. ಇದನ್ನು ಬರೆಯುವುದು ಮದುವೆಯಾದವರನ್ನು ನೋಯಿಸುವುದಕ್ಕಲ್ಲ. ಮದುವೆ ನಿಶ್ಚಯಿಸುವವರು ಯೋಚಿಸಲೆಂದು.

ಕೇಳದವನ ವಿಷಯದಲ್ಲಿ ಪೂರ್ವಿಕರ ತೀರ್ಮಾನವು ಪೂರ್ವಪಶ್ಚಿಮಗಳೆರಡರಲ್ಲಿಯೂ ಕಠಿನವಾಗಿತ್ತು. ಹುಟ್ಟುಗುರುಡರು ಹುಟ್ಟುಕಿವುಡರಿಗಿಂತ ಬುದ್ಧಿಯಲ್ಲಿ ಮೇಲೆಂದು ಅರಿಸ್ಟಾಟಲನು ಬರೆದನು. ವಿದ್ಯೆಯು ಕಿವಿಯ ಮೂಲಕ ಬರುವುದೆಂಬುದು ಅವನ ಕಾರಣ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ಹುಟ್ಟುಕಿವುಡರನ್ನೂ ಮೂಕರನ್ನೂ ದಾಯಭಾಗಕ್ಕೆ ಅನರ್ಹರ ಸಾಲಿನಲ್ಲಿ ಎಣಿಸಿ, ಅವರಿಗೆ ಯಥಾಶಕ್ತಿ ಅನ್ನವಸ್ತ್ರಗಳನ್ನು ಕೊಡಬೇಕೆಂದು ಉಳಿದವರಿಗೆ ವಿಧಿಸುತ್ತದೆ. ಕರುಣೆಯುಂಟು, ಹಕ್ಕಿಲ್ಲ. ಈ ನಿಯಮವು ಬರಿಯ ಓಲೆಗರಿಯಲ್ಲಿ ಉಳಿದಿರಲಿಲ್ಲ. ೧೯೨೮ರಲ್ಲಿ ಶಾಸನಸಭೆಯು ಪ್ರತ್ಯೇಕವಾದ ಕಾನೂನನ್ನು ಮಾಡಿ ಅದನ್ನು ತೆಗೆದುಹಾಕುವವರೆಗೆ ಹಿಂದೂ ಕುಟುಂಬಗಳಲ್ಲಿ ಕಿವಿ ಕೇಳದ ಮಗನ ಪಾಲು ತೂಗುಯ್ಯಾಲೆಯಲ್ಲಿಯೇ ಇತ್ತು. ಸ್ಪೇನ್ ದೇಶದಲ್ಲಿಯೂ ಇಂಥದೇ ಸಂಗತಿ. ಹದಿನಾರನೆಯ ಶತಮಾನದಲ್ಲಿ ಪೆಡ್ರೊ ಪೊನ್ಸೆ ಎಂಬ ಸಂನ್ಯಾಸಿಯು ಓನ್ಯಾ ಎಂಬಲ್ಲಿನ ಮಠದಲ್ಲಿ ಶ್ರೀಮಂತ ಮನೆತನದ ಕಿವುಡ ಹುಡುಗರಿಗೆ ಓದು, ಬರೆಹ, ಮಾತುಗಳನ್ನು ಕಲಿಸಿ ಲೋಕವನ್ನು ಬೆರಗುಗೊಳಿಸಿದನು. ಮಾತು ಬಂದರೆ ಆಸ್ತಿಯ ಹಕ್ಕೂ ಬರಬಹುದೆಂಬ ಲೆಕ್ಕ ಆ ಮನೆತನಗಳ ಮನಸ್ಸಿನಲ್ಲಿತ್ತೆಂದು ಚರಿತ್ರಕಾರರು ಊಹಿಸುತ್ತಾರೆ. ಉದ್ದೇಶ ಏನೇ ಇರಲಿ, ಕಿವುಡರಿಗೆ ವಿದ್ಯೆ ಬಾರದೆಂಬ ಸಾವಿರಾರು ವರ್ಷಗಳ ನಂಬಿಕೆ ಆ ಮಠದ ಗೋಡೆಗಳೊಳಗೆ ಸುಳ್ಳಾಯಿತು.

ಅಲ್ಲಿಂದ ಮುಂದೆ ಪ್ರಶ್ನೆಯ ರೂಪವೇ ಬದಲಾಯಿತು. ಕಲಿಯಬಲ್ಲನೇ ಎಂಬುದು ಹೋಗಿ, ಯಾವುದರ ಮೂಲಕ ಕಲಿಸಬೇಕೆಂಬುದು ಬಂದಿತು. ಪ್ಯಾರಿಸಿನ ಪಾದ್ರಿ ದ ಲೆಪೆ ಎಂಬವನು ೧೭೬೦ರ ಸುಮಾರಿನಲ್ಲಿ ಬಡ ಕಿವುಡ ಮಕ್ಕಳಿಗಾಗಿ ಶುಲ್ಕವಿಲ್ಲದ ಶಾಲೆಯನ್ನು ನಡೆಸತೊಡಗಿದನು. ಕಿವುಡರಾದ ಇಬ್ಬರು ಅಕ್ಕತಂಗಿಯರನ್ನು ಕಂಡು ಅವನ ಮನಸ್ಸು ಈ ಕೆಲಸಕ್ಕೆ ತಿರುಗಿತು. ಅವನ ಹಿರಿಮೆಯು ಇದರಲ್ಲಿದೆ: ಕಿವುಡರು ತಮ್ಮತಮ್ಮಲ್ಲಿ ಕೈಸನ್ನೆಯಿಂದ ಮಾತನಾಡುವುದನ್ನು ಅವನು ನೋಡಿದನು, ಅದನ್ನು ಮೊದಲು ತಾನು ಕಲಿತನು, ಆಮೇಲೆ ಕಲಿಸಲು ಕುಳಿತನು. ಗುರುವು ಶಿಷ್ಯರ ದಡಕ್ಕೆ ದೋಣಿ ಹಾಯಿಸಿದನು. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ೧೭೭೮ರಲ್ಲಿ ಶಾಲೆ ತೆರೆದ ಹೈನಿಕೆಯು ಇದನ್ನು ಒಪ್ಪಲಿಲ್ಲ. ವಿಚಾರವೆಂಬುದು ಮಾತಿನಲ್ಲಿಯೇ ನಡೆಯುವುದು, ಸನ್ನೆಯಿಂದ ಚಿತ್ರ ಹುಟ್ಟಬಹುದೇ ಹೊರತು ವಿಚಾರ ಹುಟ್ಟದು ಎಂಬುದು ಅವನ ಪಕ್ಷ. ಇಬ್ಬರಿಗೂ ಪತ್ರಗಳಲ್ಲಿ ವಾದ ನಡೆಯಿತು. ವಾದವು ಅವರೊಡನೆ ಮುಗಿಯಲಿಲ್ಲ.

ಇಂಥದೊಂದು ಚರ್ಚೆಯು ಭರತಖಂಡದಲ್ಲಿ ಬೇರೆ ಹೆಸರಿನಿಂದ ಅದಕ್ಕೂ ಬಹಳ ಹಿಂದೆ ನಡೆದಿತ್ತು. ಶಬ್ದದ ಅನುವೇಧವಿಲ್ಲದ ಜ್ಞಾನವೇ ಲೋಕದಲ್ಲಿಲ್ಲವೆಂದು ಭರ್ತೃಹರಿಯು ವಾಕ್ಯಪದೀಯದಲ್ಲಿ ಸಾಧಿಸಿದನು. ಮೇಲುನೋಟಕ್ಕೆ ಇದು ಹೈನಿಕೆಯ ಪಕ್ಷವೇ. ಆದರೆ ವೈಯಾಕರಣರು ಶಬ್ದವೆಂದಾಗ ಕಿವಿಗೆ ಬೀಳುವ ನಾದವನ್ನು ಹೇಳಲಿಲ್ಲ. ಅರ್ಥವನ್ನು ತರುವುದು ಸ್ಫೋಟ. ನಾದವು ಅದನ್ನು ವ್ಯಕ್ತಗೊಳಿಸುವ ಸಾಧನ ಮಾತ್ರ. ಹಾಗಾದರೆ ವ್ಯಂಜಕವು ಗಂಟಲಿನ ಗಾಳಿಯೇ ಆಗಿರಬೇಕೆಂಬ ನಿರ್ಬಂಧವೇನು? ಕಣ್ಣಿನ ಸಂಕೋಚದಿಂದಲೂ ಕೈಯ ಚಲನೆಯಿಂದಲೂ ಶಬ್ದಪ್ರಯೋಗವಿಲ್ಲದೆಯೇ ಅನೇಕಾರ್ಥಗಳು ತಿಳಿಯುತ್ತವೆಂದು ಪತಂಜಲಿಯು ಮಹಾಭಾಷ್ಯದಲ್ಲಿ ಹೇಳಿಯೇ ಇದ್ದಾನೆ. ಅವನು ಆ ಎಳೆಯನ್ನು ಮುಂದಕ್ಕೆಳೆಯಲಿಲ್ಲ. ಎಳೆದಿದ್ದರೆ ಕಿವುಡರ ಕೈಗಳಲ್ಲಿ ಒಂದು ವ್ಯಾಕರಣವೇ ದೊರೆಯುತ್ತಿತ್ತು. ಅದು ದೊರೆತುದು ೧೯೬೦ರಲ್ಲಿ. ಅಮೆರಿಕದ ಗ್ಯಾಲೊಡೆಟ್ ಕಾಲೇಜಿನ ಅಧ್ಯಾಪಕ ವಿಲಿಯಂ ಸ್ಟೋಕೊ ಎಂಬವನು ಸನ್ನೆಗಳೂ ಕೈಯ ಆಕಾರ, ಸ್ಥಾನ, ಚಲನೆಗಳೆಂಬ ಅವಯವಗಳಿಂದ ವರ್ಣಗಳಂತೆಯೇ ಕಟ್ಟಲ್ಪಟ್ಟಿವೆಯೆಂದು ತೋರಿಸಿಕೊಟ್ಟನು. ನಾಟ್ಯದ ಹಸ್ತಗಳನ್ನು ಕಂಡವರು ಇದನ್ನು ಅಭಿನಯವೆಂದು ತಿಳಿಯುವ ಸಂಭವವುಂಟು. ಅಭಿನಯವು ಹಾಡಿನ ನೆರಳಿನಲ್ಲಿ ನಡೆಯುತ್ತದೆ. ಕಿವುಡರ ಭಾಷೆಗೆ ಅಂಥ ಹಾಡಿಲ್ಲ. ಅದು ತಾನೇ ಗದ್ಯ, ತಾನೇ ಪದ್ಯ, ತಾನೇ ಜಗಳ.

ಆದರೆ ಸ್ಟೋಕೊ ಬರೆಯುವುದಕ್ಕೆ ಎಂಬತ್ತು ವರ್ಷ ಮುಂಚೆಯೇ ತೀರ್ಪು ಆಗಿಹೋಗಿತ್ತು. ೧೮೮೦ರ ಸೆಪ್ಟೆಂಬರಿನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಉಪಾಧ್ಯಾಯರ ಮಹಾಸಭೆಯು ಕೂಡಿ, ಸನ್ನೆಗಿಂತ ಮಾತು ನಿರ್ವಿವಾದವಾಗಿ ಮೇಲೆಂದೂ ಶಾಲೆಗಳಲ್ಲಿ ಶುದ್ಧ ಮಾತಿನ ಪದ್ಧತಿಯೇ ನಡೆಯತಕ್ಕದ್ದೆಂದೂ ನಿರ್ಣಯಿಸಿತು. ಸೇರಿದ್ದ ೧೬೪ ಮಂದಿಯಲ್ಲಿ ಕಿವುಡನು ಒಬ್ಬನೇ. ಫಲವು ಬೇಗನೆ ಕಾಣಿಸಿಕೊಂಡಿತು. ಯೂರೋಪಿನ ಶಾಲೆಗಳಲ್ಲಿ ಕಿವುಡ ಉಪಾಧ್ಯಾಯರು ಕೆಲಸ ಕಳೆದುಕೊಂಡರು. ಸನ್ನೆ ಮಾಡಿದ ಮಕ್ಕಳ ಕೈಗೆ ಪೆಟ್ಟು ಬಿದ್ದಿತು, ಕೆಲವೆಡೆ ಕೈಗಳನ್ನು ಕಟ್ಟಿದ್ದೂ ಉಂಟು. ಮಲಗುವ ಕೋಣೆಯ ಕತ್ತಲಲ್ಲಿ ಮಕ್ಕಳು ಕದ್ದು ಕಲಿತ ಭಾಷೆಯಾಗಿ ಅದು ಉಳಿದುಕೊಂಡಿತು. ಇದೇ ಉಪಾಧ್ಯಾಯರ ಮಹಾಸಭೆಯು ೨೦೧೦ರಲ್ಲಿ ಕೆನಡದ ವ್ಯಾಂಕೂವರಿನಲ್ಲಿ ಕೂಡಿದಾಗ ಮಿಲಾನಿನ ನಿರ್ಣಯಗಳನ್ನು ತಿರಸ್ಕರಿಸಿ ಅವುಗಳಿಂದಾದ ಹಾನಿಗೆ ವಿಷಾದವನ್ನು ಸೂಚಿಸಿತು. ನಡುವೆ ಕಳೆದುದು ನೂರಮೂವತ್ತು ವರ್ಷ.

ಮಿಲಾನಿನಲ್ಲಿ ಕೈಯೆತ್ತಿದವರನ್ನು ಕ್ರೂರಿಗಳೆಂದು ತಳ್ಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಅವರ ವಾದಕ್ಕೆ ತೂಕವುಂಟು. ಮಗುವಿನ ತಾಯಿ ಆಡುವುದು ಕನ್ನಡ, ಅಂಗಡಿಯವನು ಆಡುವುದು ಕನ್ನಡ, ನಾಳೆ ನ್ಯಾಯಸ್ಥಾನದಲ್ಲಿಯೂ ಆಸ್ಪತ್ರೆಯಲ್ಲಿಯೂ ನಡೆಯುವುದು ಮಾತು. ಸನ್ನೆ ಬಲ್ಲವರು ಊರಿಗೆ ಎಷ್ಟು ಮಂದಿ? ಸಂತೆಯಲ್ಲಿ ಸಲ್ಲುವ ನಾಣ್ಯವನ್ನೇ ಮಗುವಿನ ಕೈಗೆ ಕೊಡಬೇಕಲ್ಲದೆ ಸಲ್ಲದುದನ್ನು ಕೊಟ್ಟು ಏನು ಪ್ರಯೋಜನ? ಟೆಲಿಫೋನಿನ ಶೋಧಕನಾದ ಬೆಲ್ಲನು ಈ ಪಕ್ಷದ ಮುಂದಾಳು. ಅವನ ತಾಯಿಗೂ ಕಿವಿ ಮಂದ, ಹೆಂಡತಿಯು ಐದನೆಯ ವಯಸ್ಸಿನಲ್ಲಿ ಜ್ವರದಿಂದ ಶ್ರವಣ ಕಳೆದುಕೊಂಡವಳು; ಕಿವುಡರ ಮೇಲೆ ಅವನಿಗೆ ಪ್ರೀತಿಯಿರಲಿಲ್ಲವೆನ್ನಲಾಗದು. ಮಿಲಾನಿನವರ ತಪ್ಪು ಗುರಿಯಲ್ಲಿರಲಿಲ್ಲ, ಲೆಕ್ಕದಲ್ಲಿತ್ತು. ನಾಣ್ಯವು ಸಂತೆಯಲ್ಲಿ ಸಲ್ಲುವ ಮೊದಲು ಮಗುವಿನ ಕೈಗೆ ತಲುಪಬೇಕು. ಏನೂ ಕೇಳದ ಮಗುವಿಗೆ ಕನ್ನಡಿಯ ಮುಂದೆ ಕೂರಿಸಿ ಒಂದೊಂದು ಅಕ್ಷರವನ್ನು ತಿಂಗಳುಗಟ್ಟಲೆ ತಿದ್ದುವಾಗ, ಅದೇ ವಯಸ್ಸಿನ ಇತರರು ಮಳೆ ಏಕೆ ಬರುತ್ತದೆಂದು ಕೇಳಿ, ಉತ್ತರ ಪಡೆದು, ಮುಂದಿನ ಪ್ರಶ್ನೆಗೆ ಹೋಗಿರುತ್ತಾರೆ. ತುಟಿಯೋದುವ ವಿದ್ಯೆಯನ್ನು ಹೊಗಳುವವರು ಒಮ್ಮೆ ಕನ್ನಡಿಯೆದುರು ದನಿಯಿಲ್ಲದೆ ‘ಮರ’, ‘ಬರ’, ‘ಪರ’ ಎಂದು ಹೇಳಿ ನೋಡಲಿ. ಮೂರಕ್ಕೂ ತುಟಿಯ ಆಟ ಒಂದೇ. ‘ಕಲ್ಲು’, ‘ಹಲ್ಲು’ಗಳ ಭೇದವು ಗಂಟಲಿನಲ್ಲಿ ಅಡಗಿರುತ್ತದೆ. ನೋಡುವವನು ಅರ್ಧ ಕಂಡು ಅರ್ಧ ಊಹಿಸಬೇಕು. ಊಹಿಸಬೇಕಾದರೆ ಭಾಷೆ ಮೊದಲೇ ಗೊತ್ತಿರಬೇಕು!

ಇನ್ನೊಂದು ಪರೀಕ್ಷೆಯೂ ಉಂಟು. ಬಹುದಿನದ ಸಾಧನೆಯ ಮೇಲೆ ಮಗು ‘ಅಮ್ಮ’ ಎಂದಾಗ ಮನೆಯವರೆಲ್ಲ ಹಿಗ್ಗುತ್ತಾರೆ, ಕಣ್ಣೀರು ಬರುತ್ತದೆ. ಅದು ಸಹಜವೇ, ಯೋಗ್ಯವೇ. ಆದರೆ ಅದೇ ಮಗು ಹಿಂದಿನ ದಿನ ಸತ್ತ ಕರುವಿನ ಕಡೆಗೆ ತೋರಿಸಿ, ಕೈಗಳಿಂದ ಏನನ್ನೋ ಕೇಳಿದಾಗ ಯಾರೂ ಹಿಗ್ಗಿರಲಿಲ್ಲ. ಮೊದಲನೆಯದು ಉಚ್ಚಾರ; ಎರಡನೆಯದು ಮರಣದ ವಿಷಯವಾದ ಪ್ರಶ್ನೆ. ಮಾತಿಗಾಗಿ ಪಡುವ ಹಂಬಲದಲ್ಲಿ ಎಷ್ಟು ಮಗುವಿನ ಹಿತಕ್ಕಾಗಿ, ಎಷ್ಟು ಹಿರಿಯರ ನೆಮ್ಮದಿಗಾಗಿ ಎಂಬುದನ್ನು ಪ್ರತಿಯೊಂದು ಮನೆಯೂ ಏಕಾಂತದಲ್ಲಿ ಅಳೆದುಕೊಳ್ಳಬೇಕಾಗಿದೆ.

ಈಚಿನ ಯಂತ್ರವಿದ್ಯೆಯು ವಾದದ ನೆಲವನ್ನೇ ಬದಲಿಸಿದೆಯೆಂಬುದನ್ನು ಒಪ್ಪಬೇಕು. ಒಳಕಿವಿಯಲ್ಲಿ ಸಣ್ಣ ತಂತಿಯನ್ನಿಟ್ಟು ನೇರವಾಗಿ ನರಕ್ಕೆ ವಿದ್ಯುತ್ತಿನ ಸೂಚನೆಯನ್ನು ಮುಟ್ಟಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಉಪಕರಣವು ೧೯೯೦ರಿಂದ ಅಮೆರಿಕದಲ್ಲಿ ಮಕ್ಕಳಿಗೂ ಅಂಗೀಕೃತವಾಯಿತು. ಭಾರತದಲ್ಲಿಯೂ ಸರಕಾರದ ನೆರವಿನಿಂದ ಬಡ ಮಕ್ಕಳಿಗೆ ಅದು ದೊರೆಯುತ್ತಿದೆ. ಎಳೆಯ ವಯಸ್ಸಿನಲ್ಲಿ ಇದನ್ನು ಪಡೆದು ಸತತವಾದ ಅಭ್ಯಾಸ ನಡೆಸಿದ ಅನೇಕರು ಚೆನ್ನಾಗಿ ಮಾತನಾಡುತ್ತಾರೆ. ಇದನ್ನು ಬೇಡವೆನ್ನುವುದು ವಿವೇಕವಲ್ಲ. ಆದರೆ ಇದು ಕನ್ನಡಕದಂತಲ್ಲ, ಧರಿಸಿದ ಗಳಿಗೆಯಲ್ಲಿಯೇ ಎಲ್ಲವೂ ಸ್ಪಷ್ಟವಾಗುವುದಕ್ಕೆ. ಕೇಳಿಸಿದ್ದನ್ನು ತಿಳಿಯುವುದಕ್ಕೆ ವರ್ಷಗಳ ಶಿಕ್ಷಣ ಬೇಕು. ಹೊರಗಿನ ಭಾಗವು ಕೆಟ್ಟರೆ ಖರ್ಚು ದೊಡ್ಡದು. ಫಲವು ಎಲ್ಲರಲ್ಲಿಯೂ ಸಮನಲ್ಲ. ಸ್ನಾನಕ್ಕೆ ತೆಗೆದಿಟ್ಟಾಗಲೂ ಬ್ಯಾಟರಿ ತೀರಿದಾಗಲೂ ಮಗು ಮತ್ತೆ ಕಿವುಡೇ. ಶಸ್ತ್ರಚಿಕಿತ್ಸೆಯ ದಿನಕ್ಕೆ ಕಾಯುತ್ತ ‘ಸನ್ನೆ ಕಲಿತರೆ ಮಾತು ಬಾರದು’ ಎಂಬ ಹೆದರಿಕೆಯಿಂದ ಮಗುವನ್ನು ಯಾವ ಭಾಷೆಯೂ ಇಲ್ಲದೆ ಇರಿಸುವುದೇ ನಿಜವಾದ ಅಪಾಯ. ಕಿವುಡ ತಂದೆತಾಯಿಗಳಿಂದ ಸನ್ನೆಯನ್ನು ತಾಯಿನುಡಿಯಾಗಿ ಪಡೆದು ಆಮೇಲೆ ಈ ಉಪಕರಣ ಧರಿಸಿದ ಮಕ್ಕಳು ಮಾತಿನಲ್ಲಿ ಹಿಂದೆ ಬಿದ್ದಿಲ್ಲವೆಂಬುದು ಕಂಡುಬಂದಿದೆ. ಒಂದು ಭಾಷೆ ನೆಲೆಗೊಂಡ ತಲೆಯಲ್ಲಿ ಎರಡನೆಯದಕ್ಕೆ ಜಾಗ ಸಾಲದೆಂಬುದನ್ನು, ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ಅಂಗಡಿಯಲ್ಲಿ ಕೊಂಕಣಿಯಾಡುವ ಮಂಗಳೂರಿನ ಹುಡುಗನಿಗೆ ಹೇಳಿದರೆ ಅವನು ನಕ್ಕಾನು.

ಶಾಲೆಯ ವಿಚಾರ ಇನ್ನೂ ಸೂಕ್ಷ್ಮವಾದುದು. ೧೮೯೩ರಲ್ಲಿ ಕಲ್ಕತ್ತೆಯಲ್ಲಿಯೂ ೧೯೦೧ರಲ್ಲಿ ಮೈಸೂರಿನಲ್ಲಿಯೂ ಆರಂಭವಾದಂಥ ಪ್ರತ್ಯೇಕ ಶಾಲೆಗಳ ಕಾಲದಲ್ಲಿ ಮಗು ಮನೆ ಬಿಟ್ಟು ದೂರ ಹೋಗಬೇಕಾಗಿತ್ತು. ೨೦೧೬ರ ಅಂಗವಿಕಲರ ಹಕ್ಕುಗಳ ಕಾನೂನು ನೆರೆಹೊರೆಯ ಶಾಲೆಯ ಬಾಗಿಲನ್ನು ತೆರೆದು, ಕಿವುಡ ಮಕ್ಕಳಿಗೆ ಅವರಿಗೊಪ್ಪುವ ಭಾಷೆಯಲ್ಲಿಯೂ ರೀತಿಯಲ್ಲಿಯೂ ಕಲಿಸಬೇಕೆಂದು ವಿಧಿಸಿದೆ. ಬಾಗಿಲು ತೆರೆದುದು ಒಳ್ಳೆಯದೇ. ಒಳಗೆ ನಡೆಯುವುದನ್ನು ನೋಡಬೇಕು. ಉಪಾಧ್ಯಾಯರು ಕರಿಹಲಗೆಯ ಕಡೆಗೆ ತಿರುಗಿ ಬರೆಯುತ್ತ ಮಾತನಾಡುತ್ತಾರೆ; ಮಗುವಿಗೆ ಕಾಣುವುದು ಬೆನ್ನು. ಕಿಟಕಿಗೆ ಬೆನ್ನು ಹಾಕಿ ನಿಂತರೆ ಮುಖವು ಕಪ್ಪುನೆರಳು. ಐವತ್ತು ಮಕ್ಕಳ ಗದ್ದಲವನ್ನು ಶ್ರವಣಯಂತ್ರವು ಪಾಠದೊಡನೆ ಸಮನಾಗಿಯೇ ಹೆಚ್ಚಿಸಿ ಕೊಡುತ್ತದೆ. ಪಕ್ಕದ ಹುಡುಗ ಉತ್ತರ ಹೇಳಿದರೆ ಹೇಳಿದವನು ಯಾರೆಂದು ಹುಡುಕುವಷ್ಟರಲ್ಲಿ ಉತ್ತರವೇ ಮುಗಿದಿರುತ್ತದೆ. “ತಿಳಿಯಿತೇ?” ಎಂದು ಗುರುಗಳು ಕೇಳುತ್ತಾರೆ, ಮಗು ತಲೆಯಾಡಿಸುತ್ತದೆ. ಈ ತಲೆಯಾಡಿಸುವಿಕೆಯನ್ನು ಸುಳ್ಳೆನ್ನಬಹುದೇ? ತಿಳಿಯಲಿಲ್ಲವೆಂದು ದಿನಕ್ಕೆ ನಲವತ್ತು ಸಲ ಒಪ್ಪಿಕೊಳ್ಳುವ ಧೈರ್ಯ ದೊಡ್ಡವರಲ್ಲಿಯೇ ಅಪರೂಪ. ಎಂಟು ವರ್ಷದ ಮಗುವಿನಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ. ತಿಳಿಯಿತೇ ಎಂದು ಕೇಳುವುದನ್ನು ಬಿಟ್ಟು, ತಿಳಿದುದನ್ನು ತಿರುಗಿ ಹೇಳೆಂದು ಕೇಳಿದರೆ ಸಾಕು, ಅರ್ಧ ತೊಂದರೆ ಬಯಲಾಗುತ್ತದೆ. ಮುಖವನ್ನು ಬೆಳಕಿಗೆ ಹಿಡಿಯುವುದು, ಬರೆದು ಮುಗಿಸಿ ಆಮೇಲೆ ತಿರುಗಿ ಮಾತನಾಡುವುದು, ಪಾಠದ ಹೊಸ ಪದಗಳನ್ನು ಹಿಂದಿನ ದಿನವೇ ಬರೆದುಕೊಡುವುದು, ಇವಕ್ಕೆ ದುಡ್ಡು ಬೇಕಿಲ್ಲ. ಸ್ವಲ್ಪವೇ ಕಿವಿ ಮಂದವಾದ, ಕಿವಿ ಸೋರುವ ಮಕ್ಕಳು ಹಿಂದಿನ ಸಾಲಿನಲ್ಲಿ ‘ದಡ್ಡ’ರೆಂಬ ಹೆಸರು ಹೊತ್ತು ಕುಳಿತಿರುವುದೂ ಉಂಟು. ಅವರಿಗೆ ಬೇಕಾದುದು ವೈದ್ಯರೇ ಹೊರತು ಕಾಯಿಸಿದ ಎಣ್ಣೆಯಲ್ಲ, ಬೆತ್ತವಂತೂ ಅಲ್ಲವೇ ಅಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಕೊರತೆ ಉಳಿಯುತ್ತದೆ. ಸಾವಿರ ಮಕ್ಕಳ ಶಾಲೆಯಲ್ಲಿ ಕಿವುಡು ಮಗು ಒಂದೇ ಆಗಿರಬಹುದು. ಮಧ್ಯ ಅಮೆರಿಕದ ನಿಕರಾಗುವ ದೇಶದಲ್ಲಿ ಮೊದಲು ಕಿವುಡ ಮಕ್ಕಳು ತಮ್ಮತಮ್ಮ ಮನೆಗಳಲ್ಲಿ ಒಬ್ಬೊಬ್ಬರೇ ಇದ್ದರು; ಮನೆಮಟ್ಟಿನ ನಾಲ್ಕಾರು ಸನ್ನೆಗಳೇ ಅವರ ಆಸ್ತಿ. ೧೯೭೭ರಿಂದ ಈಚೆಗೆ ರಾಜಧಾನಿಯಾದ ಮನಾಗುವದ ಶಾಲೆಗಳಲ್ಲಿ ಅವರು ನೂರಾರು ಸಂಖ್ಯೆಯಲ್ಲಿ ಒಟ್ಟಾದರು. ಉಪಾಧ್ಯಾಯರು ತುಟಿಯೋದುವುದನ್ನು ಕಲಿಸಲು ಹೆಣಗಿದರು, ಫಲ ಅತ್ಯಲ್ಪ. ಆದರೆ ಆಟದ ಬಯಲಿನಲ್ಲಿಯೂ ಬಸ್ಸಿನಲ್ಲಿಯೂ ಯಾರೂ ಕಲಿಸದೆಯೇ ಮಕ್ಕಳ ಕೈಗಳಲ್ಲಿ ಒಂದು ಭಾಷೆ ಹುಟ್ಟಿತು. ಎಳೆಯರ ಕೈಗೆ ಬಂದಂತೆ ಅದು ವ್ಯಾಕರಣಬದ್ಧವೂ ಆಯಿತು. ೧೯೮೬ರಲ್ಲಿ ಬಂದ ಭಾಷಾವಿದುಷಿ ಜೂಡಿ ಕೆಗಲ್ ಇದನ್ನು ಗುರುತಿಸಿದಳು. ಭಾಷೆ ಹುಟ್ಟುವುದಕ್ಕೆ ಗುರು ಇಲ್ಲದಿದ್ದರೂ ನಡೆದೀತು, ಜೊತೆಗಾರರಿಲ್ಲದೆ ನಡೆಯದು. ಆದುದರಿಂದ ನೆರೆಯ ಶಾಲೆಗೆ ಸೇರಿಸಿದ ತಂದೆತಾಯಿಗಳು, ತಿಂಗಳಿಗೊಮ್ಮೆಯಾದರೂ ಮಗುವನ್ನು ಇತರ ಕಿವುಡ ಮಕ್ಕಳ ಮತ್ತು ದುಡಿದು ಸಂಸಾರ ಮಾಡುತ್ತಿರುವ ಕಿವುಡ ಹಿರಿಯರ ನಡುವೆ ಬಿಡಬೇಕು. ದೊಡ್ಡ ಕಿವುಡರನ್ನು ಎಂದೂ ಕಾಣದ ಮಗುವಿಗೆ, ತಾನು ದೊಡ್ಡವನಾದ ಮೇಲೆ ಏನಾಗುವೆನೆಂಬುದೇ ತಿಳಿಯುವುದಿಲ್ಲ.

ಹೊಳೆಯ ಪ್ರಶ್ನೆಗೆ ಉತ್ತರವನ್ನು ಒಂದು ದ್ವೀಪವು ಕೊಟ್ಟಿತ್ತು. ಅಮೆರಿಕದ ಮಸಾಚುಸೆಟ್ಸ್ ತೀರದಿಂದ ಸ್ವಲ್ಪ ದೂರದಲ್ಲಿರುವ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ, ಇಂಗ್ಲೆಂಡಿನ ಕೆಂಟ್ ಸೀಮೆಯಿಂದ ಬಂದ ಕುಟುಂಬಗಳ ಒಳಮದುವೆಗಳಿಂದಾಗಿ ಕಿವುಡು ವಂಶದಲ್ಲಿ ಹರಿದು ಬಂದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಸುಮಾರು ೧೫೫ ಮಂದಿಗೆ ಒಬ್ಬರು ಹುಟ್ಟುಕಿವುಡರು; ಚಿಲ್‌ಮಾರ್ಕ್ ಎಂಬ ಊರಿನಲ್ಲಿ ೨೫ಕ್ಕೆ ಒಬ್ಬರು. ಊರಿನವರು ಇದಕ್ಕೆ ಸಭೆ ಸೇರಿಸಲಿಲ್ಲ, ನಿಧಿ ಎತ್ತಲಿಲ್ಲ. ಎಲ್ಲರೂ ಸನ್ನೆಯನ್ನು ಕಲಿತುಬಿಟ್ಟರು, ಅಷ್ಟೆ. ದೋಣಿಯಿಂದ ದೋಣಿಗೆ ಗಾಳಿಯಲ್ಲಿ ಕೂಗು ಕೇಳಿಸದಾಗ ಬೆಸ್ತರು ಸನ್ನೆಯಲ್ಲಿ ಮಾತನಾಡಿದರು. ಶಾಲೆಯಲ್ಲಿ ಮಕ್ಕಳು ಗುರುವಿನ ಬೆನ್ನ ಹಿಂದೆ ಹರಟಿದರು. ಕಿವುಡರಾರೂ ಇಲ್ಲದಿರುವಾಗಲೂ ಆ ಭಾಷೆ ನಡೆಯುತ್ತಿತ್ತು. ಕಿವುಡರು ಮದುವೆಯಾದರು, ಹೊಲ ಮಾಡಿದರು, ಊರ ಸಭೆಗಳಲ್ಲಿ ಮತ ಕೊಟ್ಟರು. ೧೮೮೦ರ ದಶಕದಲ್ಲಿ ಬೆಲ್ಲನು ಇಲ್ಲಿಗೂ ಬಂದು ವಂಶಾವಳಿಗಳನ್ನು ಬರೆದುಕೊಂಡನು. ಕಿವುಡರು ಕಿವುಡರನ್ನೇ ಮದುವೆಯಾದರೆ ಮನುಷ್ಯರಲ್ಲಿ ಕಿವುಡರದೊಂದು ಜಾತಿಯೇ ಹುಟ್ಟೀತೆಂಬ ಭಯದಿಂದ ೧೮೮೩ರಲ್ಲಿ ಪ್ರಬಂಧವನ್ನೋದಿದವನು ಅವನು. ಅವನು ಅನುವಂಶಿಕ ದೋಷವನ್ನು ಕಂಡ ಜಾಗದಲ್ಲಿಯೇ ದ್ವೀಪದವರು ನೆರೆಯವರನ್ನು ಕಂಡರು. ದ್ವೀಪದ ಹುಡುಗರು ಹೊರಗಿನ ಶಾಲೆಗೆ ಹೋಗಿ ಹೊರಗೆ ಮದುವೆಯಾದಂತೆ ಕಿವುಡರು ಕಡಮೆಯಾದರು. ಈ ಸಾಲಿನ ಕೊನೆಯ ವ್ಯಕ್ತಿ ೧೯೫೨ರಲ್ಲಿ ತೀರಿಕೊಂಡಳು. ಆಮೇಲೆ ಸಂಶೋಧಕಿ ನೋರಾ ಗ್ರೋ ಆ ದ್ವೀಪದ ಮುದುಕರನ್ನು ವಿಚಾರಿಸಿ ೧೯೮೫ರಲ್ಲಿ ಪುಸ್ತಕವನ್ನು ಬರೆದಳು. ಹಳೆಯ ನೆರೆಯವರಲ್ಲಿ ಯಾರು ಕಿವುಡರಾಗಿದ್ದರೆಂಬುದನ್ನೇ ಕೆಲವರು ಯೋಚಿಸಿ ಹೇಳಬೇಕಾಯಿತು.

ಕರ್ನಾಟಕದ ಊರುಗಳು ಆ ದ್ವೀಪವಾಗಲಾರವು. ೨೫ಕ್ಕೆ ಒಬ್ಬರಿರುವ ಕಡೆ ಸಾಧ್ಯವಾದುದು ಸಾವಿರಕ್ಕೆ ಕೆಲವರಿರುವ ಕಡೆ ಸಾಧ್ಯವಾಗದು. ಆದರೆ ಮನೆಯೆಂಬುದು ಐದಾರು ಜನರ ದ್ವೀಪವೇ. ಅಲ್ಲಿ ಐದಕ್ಕೆ ಒಬ್ಬರು! ದೆಹಲಿಯಲ್ಲಿ ೨೦೧೫ರಲ್ಲಿ ಸ್ಥಾಪಿತವಾದ ಭಾರತೀಯ ಸನ್ನೆಭಾಷಾ ಸಂಸ್ಥೆಯು ಸಾವಿರಾರು ಪದಗಳ ಕೋಶವನ್ನು ಚಲಚ್ಚಿತ್ರರೂಪದಲ್ಲಿ ಯಾರು ಬೇಕಾದರೂ ನೋಡಿ ಕಲಿಯುವಂತೆ ಮಾಡಿದೆ. ಮನೆಯಲ್ಲಿ ಎಪ್ಪತ್ತರ ಅಜ್ಜನಿಗೆ ಕಿವಿ ಮಂದವಾದಾಗ ಎಲ್ಲರೂ ಬೇಸರಿಸದೆ ಎರಡು ಸಲ ಹೇಳುತ್ತಾರೆ, ಹತ್ತಿರ ಹೋಗಿ ಹೇಳುತ್ತಾರೆ. ಅಜ್ಜನ ಗೌರವಕ್ಕೆ ಕುಂದಿಲ್ಲ. ಮೊಮ್ಮಗನಿಗೆ ಮಾತ್ರ ರಾತ್ರಿಯ ಊಟದ ಹೊತ್ತಿನಲ್ಲಿ, ಎಲ್ಲರೂ ಏಕೆ ನಕ್ಕರೆಂದು ತೋಳು ಹಿಡಿದು ಕೇಳಿದಾಗ, “ಆಮೇಲೆ ಹೇಳುತ್ತೇನೆ” ಎಂಬ ಉತ್ತರ. ಆ ಆಮೇಲೆ ಬರುವುದಿಲ್ಲ. ಕಿವುಡರಾಗಿ ಬೆಳೆದವರು ಬಾಲ್ಯದ ನೋವುಗಳಲ್ಲಿ ಇದನ್ನೇ ಎತ್ತಿ ಹೇಳುತ್ತಾರೆ. ಬೀದಿಯ ಅಣಕವನ್ನಲ್ಲ, ಮನೆಯ ಈ ಆಮೇಲೆಯನ್ನು.

ಊಹೆಯ ಆ ಗುಮಾಸ್ತನ ಮನೆಯಲ್ಲಿ ಹುಡುಗನಿಗೆ ಈಗ ಏಳು ವರ್ಷವೆನ್ನೋಣ. ಕಿವಿಯಲ್ಲಿ ಯಂತ್ರವಿದೆ, ಕೆಲವು ಮಾತು ಬಂದಿದೆ, ತಾಯಿಯ ಕೈಗೆ ಸನ್ನೆಯೂ ಬಂದಿದೆ. ಬಲಗೈ ಎಲೆಯಲ್ಲಿರುವಾಗ ಸನ್ನೆ ಸಾಗದಾದ್ದರಿಂದ ಆ ಮನೆಯ ಊಟ ನೆರೆಯವರದಕ್ಕಿಂತ ಕಾಲುಗಂಟೆ ನಿಧಾನ. ಮೂರು ವರ್ಷ ಹರಕೆಯಲ್ಲಿ ಕಳೆದ ಅಜ್ಜಿಗೆ ಬರುವುದು ಆರು ಸನ್ನೆ: ಅನ್ನ, ನೀರು, ಬಾ, ಬೇಡ, ಮಲಗು, ದೇವರು. ಒಂದು ರಾತ್ರಿ ಎಲ್ಲರೂ ಏತಕ್ಕೋ ನಕ್ಕಾಗ ಹುಡುಗ ಅಜ್ಜಿಯ ತೋಳು ಹಿಡಿದ. ಅವಳು ಎಡಗೈಯಿಂದ ಬೆಕ್ಕಿನ ಮೀಸೆಯನ್ನು ತೋರಿಸಿ, ಹಾಲಿನ ಪಾತ್ರೆಯನ್ನು ತೋರಿಸಿ, ಅದು ಮಗುಚಿದುದನ್ನೂ ತಂದೆಯ ಪಂಚೆ ನೆನೆದುದನ್ನೂ ತನಗೆ ತೋಚಿದಂತೆ ಅಭಿನಯಿಸಿದಳು. ಹುಡುಗ ನಕ್ಕ. ನಕ್ಕು, ಬೆಕ್ಕಿಗೆ ಸನ್ನೆ ಹಾಗಲ್ಲ, ಹೀಗೆ ಎಂದು ಅವಳ ಬೆರಳುಗಳನ್ನು ಹಿಡಿದು ತಿದ್ದಿದ.